ಅತ್ತೆಯ ಅಳತೆ ಪುಸ್ತಕ ಬ್ರೌಸರ್ ಒಳಗೆ ಬಂದದ್ದು

ಬಸವನಗುಡಿಯ ಡಿವಿಜಿ ರಸ್ತೆಗೆ ಸೇರುವ ಒಂದು ಅಡ್ಡರಸ್ತೆಯಲ್ಲಿ, ಸೀರೆ ಅಂಗಡಿಯ ಕೆಳಗಿನ ಬೇಸ್‌ಮೆಂಟಿನಲ್ಲಿ ನನ್ನ ಅತ್ತೆ-ಮಾವನ ಟೈಲರ್ ಅಂಗಡಿ ಇದೆ. ಅಲ್ಲಿರುವುದು ಎರಡು ಹೊಲಿಗೆ ಮಷೀನು, ಒಂದು ಫಾಲ್-ಪಿಕೋ ಮಷೀನು, ಒಂದು ಕಟಿಂಗ್ ಟೇಬಲ್ಲು. ಅತ್ತೆ ಅಳತೆ ತೆಗೆಯುತ್ತಾರೆ, ಮಾವ ಕಟಿಂಗ್ ಮಾಡುತ್ತಾರೆ. ಹುಕ್ಕು, ಹೆಮ್ಮಿಂಗಿಗೆ ಒಬ್ಬ ಅಕ್ಕ ಮಧ್ಯಾಹ್ನದ ಮೇಲೆ ಬರುತ್ತಾರೆ.

ಕಳೆದ ವರ್ಷ ಮಳೆಗಾಲದ ಒಂದು ರಾತ್ರಿ ಚರಂಡಿ ನೀರು ಮೆಟ್ಟಿಲಿಳಿದು ಅಂಗಡಿಯೊಳಗೆ ನುಗ್ಗಿತು. ಗಿರಾಕಿಗಳ ಬಟ್ಟೆಯೆಲ್ಲ ಮೇಲಿನ ಹಲಗೆಯ ಮೇಲಿದ್ದುದರಿಂದ ಏನೂ ಆಗಲಿಲ್ಲ. ಆದರೆ ಕೆಳಗಿನ ಡ್ರಾಯರಿನಲ್ಲಿದ್ದ ಅಳತೆ ಪುಸ್ತಕ ನೆಂದು ಮುದ್ದೆಯಾಗಿ, ಆರು ವರ್ಷದ ಅಳತೆಗಳು ನೀಲಿ ಕಲೆಯಾಗಿಬಿಟ್ಟವು. ಅತ್ತೆ ಒಂದೊಂದೇ ಹಾಳೆ ಬಿಡಿಸಿ ಫ್ಯಾನಿನ ಕೆಳಗೆ ಒಣಗಿಸುತ್ತಿದ್ದುದನ್ನು ನೋಡಿ ನನ್ನ ಹೊಟ್ಟೆ ಕಿವುಚಿತು.

ಆಮೇಲೆ ಯಾರೋ ಹೇಳಿದರೆಂದು ಟೈಲರ್‌ಗಳಿಗೆಂದೇ ಮಾಡಿದ ಒಂದು ಆ್ಯಪ್ ಹಾಕಿಕೊಂಡರು. ನಾಲ್ಕು ತಿಂಗಳು ಪುಕ್ಕಟೆಯಾಗಿ ನಡೆಯಿತು. ಐದನೆಯ ತಿಂಗಳು ಗಿರಾಕಿಗಳ ಸಂಖ್ಯೆ ಮಿತಿ ಮೀರಿದೆ, ತಿಂಗಳಿಗಿಷ್ಟು ಕಟ್ಟಿ ಎಂದಿತು. ಕಟ್ಟುವುದಕ್ಕೆ ಅತ್ತೆ ತಯಾರಿದ್ದರು. ಆದರೆ ಒಳಗೆ ಹಾಕಿದ ಅಳತೆಯನ್ನು ಒಂದು ಹಾಳೆಯಾಗಿ ಹೊರಗೆ ತೆಗೆಯಿರಿ ಎಂದರೆ ಅದಕ್ಕೆ ದಾರಿಯೇ ಇರಲಿಲ್ಲ. ಆವತ್ತು ಅತ್ತೆ ಕೇಳಿದರು:

"ನಾನಿಲ್ಲಿ ಬರೆದಿದ್ದೆಲ್ಲ ಎಲ್ಲಿಗೆ ಹೋಗುತ್ತೆ ಕಣೇ?"

ಎಲ್ಲೋ ಒಂದು ಸರ್ವರ್‌ಗೆ ಹೋಗುತ್ತೆ ಅತ್ತೆ, ಯಾವ ಊರಿನದೋ ನನಗೂ ಗೊತ್ತಿಲ್ಲ ಅಂದೆ.

"ಹೆಣ್ಮಕ್ಕಳ ಮೈ ಅಳತೆ ಕಣೇ ಇದು. ಜೊತೆಗೆ ಹೆಸರು, ಫೋನ್ ನಂಬರ್ ಬೇರೆ. ನನ್ನ ನಂಬಿ ಕೊಟ್ಟಿರ್ತಾರೆ. ಊರೆಲ್ಲ ಸುತ್ತಬಾರದು."

ಈ ಕೆಲಸದಲ್ಲಿ ನಾನು ಮಾಡಿದ ಪ್ರತಿಯೊಂದು ತೀರ್ಮಾನವೂ ಆ ಮಾತಿನಿಂದಲೇ ಹೊರಟಿದ್ದು.

ಸ್ಟೋರ್ ಬಿಟ್ಟು ಬ್ರೌಸರ್ ಏಕೆ

ನಾನು ಓದಿದ್ದೂ ದುಡಿಯುವುದೂ ಇದೇ ಕ್ಷೇತ್ರದಲ್ಲಿ. ಆಂಡ್ರಾಯ್ಡ್ ಆ್ಯಪ್ ಬರೆಯುವುದು ನನಗೆ ಕಷ್ಟವಲ್ಲ. ಆದರೆ ಈ ಆ್ಯಪ್ ಬಳಸುವವರು ಇಬ್ಬರೇ. ಪ್ಲೇ ಸ್ಟೋರಿನಲ್ಲಿ ಖಾತೆ ತೆರೆಯಲು ಒಂದು ಸಲ 25 ಡಾಲರ್ ಕಟ್ಟಬೇಕು. ವೈಯಕ್ತಿಕ ಖಾತೆ ಹೊಸದಾಗಿದ್ದರೆ ಕನಿಷ್ಠ 12 ಜನ ಸತತ 14 ದಿನ ಪರೀಕ್ಷೆಯಲ್ಲಿ ಸೇರಿಕೊಂಡಿರಬೇಕು, ಆಮೇಲೇ ಪ್ರಕಟಿಸಲು ಅರ್ಜಿ. ಆ್ಯಪಲ್‌ಗಾದರೆ ವರ್ಷಕ್ಕೆ 99 ಡಾಲರ್. ಸಣ್ಣ ತಿದ್ದುಪಡಿಗೂ ಮತ್ತೆ ಪರಿಶೀಲನೆ. ಒಂದು ಅಂಗಡಿಯ ಅಳತೆ ಪುಸ್ತಕಕ್ಕೆ ಇಷ್ಟೆಲ್ಲ ಅಪ್ಪಣೆ ಯಾಕೆ ಬೇಕು ಎನ್ನುವುದು ನನ್ನ ಪ್ರಶ್ನೆ. ಇಬ್ಬರಿಗಾಗಿ ಬರೆದ ಪ್ರೋಗ್ರಾಮಿಗೂ ಕೋಟಿ ಜನರಿಗಾಗಿ ಬರೆದದ್ದಕ್ಕೂ ಒಂದೇ ಬಾಗಿಲು ಇಟ್ಟರೆ ಇಬ್ಬರಿಗಾಗಿ ಬರೆಯುವವರು ಬರೆಯುವುದನ್ನೇ ಬಿಡುತ್ತಾರೆ.

ಎಪಿಕೆ ಫೈಲನ್ನು, ಅಂದರೆ ಸ್ಟೋರಿಲ್ಲದೆ ಆ್ಯಪ್ ಹಾಕುವ ಫೈಲನ್ನು, ನೇರವಾಗಿ ಕಳಿಸಿ ಹಾಕಿಸಬಹುದಿತ್ತು. ಆದರೆ ಅತ್ತೆಗೆ ನಾನೇ ಹತ್ತು ಸಲ ಹೇಳಿದ್ದೇನೆ, ವಾಟ್ಸ್ಆ್ಯಪಿನಲ್ಲಿ ಬಂದ ಎಪಿಕೆ ಮುಟ್ಟಬೇಡಿ, ಬ್ಯಾಂಕ್ ಖಾತೆ ಖಾಲಿಯಾಗುತ್ತದೆ ಅಂತ. ಆ ಎಚ್ಚರಿಕೆಯನ್ನು ನಾನೇ ಸಡಿಲ ಮಾಡುವುದು ತಪ್ಪು.

ಬ್ರೌಸರಿನಲ್ಲಿ ಆ ತೊಡಕಿಲ್ಲ. ಕೊಂಡಿ ಒತ್ತಿದರೆ ಪುಟ ತೆರೆಯುತ್ತದೆ. ಪುಟ ಏನೇ ಮಾಡಿದರೂ ಬ್ರೌಸರಿನ ಬೇಲಿಯೊಳಗೇ ಮಾಡಬೇಕು, ಕ್ಯಾಮೆರಾ ಬೇಕಾದರೂ ಬ್ಲೂಟೂತ್ ಬೇಕಾದರೂ ಕೇಳಿಯೇ ಪಡೆಯಬೇಕು. 1993ರ ಏಪ್ರಿಲ್ 30ರಂದು ವೆಬ್ ಹುಟ್ಟಿದ ಸರ್ನ್ ಎಂಬ ಯುರೋಪಿನ ಸಂಶೋಧನಾ ಸಂಸ್ಥೆ ವೆಬ್ ತಂತ್ರಾಂಶವನ್ನು ಯಾರ ಹಂಗೂ ಇಲ್ಲದೆ ಎಲ್ಲರಿಗೂ ಬಿಟ್ಟುಕೊಟ್ಟಿತು. ಅದರಿಂದಾಗಿಯೇ ನಾನು ಇವತ್ತು ಯಾರನ್ನೂ ಕೇಳದೆ ಅತ್ತೆಗೊಂದು ಪುಸ್ತಕ ಮಾಡಿಕೊಡಲು ಸಾಧ್ಯವಾಗಿದ್ದು.

ನಮ್ಮ ಊರು ಆ್ಯಪೋ ವೆಬ್ಬೋ ಎಂಬ ಈ ಜಗ್ಗಾಟವನ್ನು ಹತ್ತಿರದಿಂದ ಕಂಡಿದೆ. ಬೆಂಗಳೂರಿನದೇ ಆದ ಮಿಂತ್ರಾ 2015ರ ಮೇ ತಿಂಗಳಲ್ಲಿ ವೆಬ್‌ಸೈಟ್ ಮುಚ್ಚಿ ಆ್ಯಪ್ ಒಂದನ್ನೇ ಉಳಿಸಿಕೊಂಡಿತು. ಮುಂದಿನ ವರ್ಷದ ಜೂನಿನಲ್ಲಿ ಡೆಸ್ಕ್‌ಟಾಪ್ ಸೈಟನ್ನು ವಾಪಸ್ ತಂದಿತು. ಫ್ಲಿಪ್‌ಕಾರ್ಟ್ 2015ರ ನವೆಂಬರಿನಲ್ಲಿ ಹೊರತಂದ ಫ್ಲಿಪ್‌ಕಾರ್ಟ್ ಲೈಟ್, ಮೊಬೈಲ್ ಬ್ರೌಸರಿನಲ್ಲೇ ಆ್ಯಪಿನಂತೆ ನಡೆಯುವ ಪುಟಗಳಿಗೆ ದೇಶದಲ್ಲಿ ಮೊದಮೊದಲ ದೊಡ್ಡ ಉದಾಹರಣೆ. ಅದಕ್ಕೂ ಮುಂಚೆ, 2014ರ ಆಗಸ್ಟಿನಲ್ಲಿ, ಇಂಟೆಕ್ಸ್ ಕಂಪನಿ ₹1,999ಕ್ಕೆ ಫೈರ್‌ಫಾಕ್ಸ್ ಓಎಸ್ ಫೋನ್ ಮಾರಿತ್ತು. ಅದರಲ್ಲಿದ್ದ ಆ್ಯಪ್‌ಗಳೆಲ್ಲ ವೆಬ್ ಪುಟಗಳೇ. ಆ ಫೋನ್ ಸೋತಿತು, ನಿಜ. ಅದರ ಬೇರಿನಿಂದ ಚಿಗುರಿದ ಕೈಓಎಸ್ ಎಂಬ ಫೋನ್ ತಂತ್ರಾಂಶ 2017ರಲ್ಲಿ ಜಿಯೋಫೋನಿನೊಳಗೆ ಕೂತು ಮನೆಮನೆಗೆ ಹೋಯಿತು.

ಕಾಲು, ಅರೆ, ಮುಕ್ಕಾಲು

ಮೊದಲ ಶನಿವಾರ ಕೋಡ್ ಬರೆಯಲಿಲ್ಲ. ಅಂಗಡಿಯಲ್ಲಿ ಸ್ಟೂಲ್ ಹಾಕಿಕೊಂಡು ಅತ್ತೆ ಅಳತೆ ತೆಗೆಯುವುದನ್ನು ನೋಡುತ್ತ ಕೂತೆ. ಟೇಪು ಕುತ್ತಿಗೆಯಲ್ಲಿ, ಪೆನ್ನು ಕಿವಿಯ ಮೇಲೆ. ಉದ್ದ, ಭುಜ, ಎದೆ, ಸೊಂಟ, ತೋಳಿನ ಉದ್ದ, ತೋಳಿನ ಸುತ್ತು, ಆರ್ಮ್‌ಹೋಲ್, ಮುಂದಿನ ನೆಕ್, ಹಿಂದಿನ ನೆಕ್. ಈ ಸಾಲು ಎಂದೂ ಹಿಂದುಮುಂದಾಗುವುದಿಲ್ಲ. ಹಾಗಾಗಿ ಪರದೆಯ ಮೇಲೂ ಅದೇ ಸಾಲು ಬರಬೇಕು, ಒಂದು ತುಂಬಿದ ಕೂಡಲೇ ಮುಂದಿನದು ತಾನಾಗಿ ತೆರೆದುಕೊಳ್ಳಬೇಕು.

ಎರಡನೆಯದಾಗಿ ಕಣ್ಣಿಗೆ ಬಿದ್ದದ್ದು ಅತ್ತೆ ಬರೆಯುವ ರೀತಿ. ಮೂವತ್ತಾರೂವರೆ ಎನ್ನುವುದನ್ನು ಅವರು 36.5 ಎಂದು ಬರೆಯುವುದಿಲ್ಲ. 36 ಬರೆದು ಪಕ್ಕದಲ್ಲಿ ಎರಡು ಗೀಟು ಎಳೆಯುತ್ತಾರೆ. ಒಂದು ಗೀಟು ಕಾಲು, ಎರಡು ಅರೆ, ಮೂರು ಮುಕ್ಕಾಲು. ಅವರ ತಂದೆ ಅಂಗಡಿ ಲೆಕ್ಕ ಬರೆಯುತ್ತಿದ್ದ ಹಳೆಯ ಪದ್ಧತಿ ಅದು. ಹಿಂದಿನ ಆ್ಯಪಿನಲ್ಲಿ ದಶಮಾಂಶ ಚುಕ್ಕಿ ಒತ್ತುವಾಗ ಅವರು ಪ್ರತಿಸಲ ತಡವರಿಸುತ್ತಿದ್ದರು. "ಮುಕ್ಕಾಲು ಅಂದ್ರೆ ಏಳೂವರೆಯೋ ಎಪ್ಪತ್ತೈದೋ" ಎಂದು ಒಮ್ಮೆ ಗಿರಾಕಿಯ ಮುಂದೆಯೇ ಕೇಳಿಕೊಂಡಿದ್ದರಂತೆ. ಮೂವತ್ತು ವರ್ಷ ಅನುಭವದ ಹೆಂಗಸನ್ನು ಒಂದು ಚುಕ್ಕಿ ಹೀಗೆ ಕುಗ್ಗಿಸಿದ್ದು ನನಗೆ ಸಹಿಸಲಾಗಲಿಲ್ಲ.

ಫೋನಿನ ಕೀಬೋರ್ಡನ್ನೇ ಬಿಟ್ಟೆ. ಪುಟದೊಳಗೇ ಹತ್ತು ಅಂಕಿಗಳ ದೊಡ್ಡ ಗುಂಡಿ, ಅವುಗಳ ಬಲಕ್ಕೆ ಮೂರು ಗುಂಡಿ: ಒಂದು ಗೀಟು, ಎರಡು ಗೀಟು, ಮೂರು ಗೀಟು. 3, 6, ಎರಡು ಗೀಟು ಒತ್ತಿದರೆ ಮೇಲೆ "36" ಮತ್ತು ಪಕ್ಕದಲ್ಲಿ ಎರಡು ಗೀಟು, ಕೆಳಗೆ ಸಣ್ಣಕ್ಷರದಲ್ಲಿ "ಮೂವತ್ತಾರೂವರೆ". ಒಳಗೆ ಎಲ್ಲವೂ ಕಾಲಿಂಚಿನ ಲೆಕ್ಕದಲ್ಲಿ ಪೂರ್ಣಾಂಕ: ಮೂವತ್ತಾರೂವರೆ ಎಂದರೆ 146 ಕಾಲಿಂಚು. ಅತ್ತೆ ಮೊದಲ ಸಲ ಒತ್ತಿ ನೋಡಿ ಏನೂ ಹೇಳಲಿಲ್ಲ, ಸೀದಾ ಮುಂದಿನ ಅಳತೆಗೆ ಹೋದರು. ನನಗೆ ಅಷ್ಟೇ ಬೇಕಾಗಿತ್ತು.

ಹೆಸರಿನ ಜಾಗದಲ್ಲೂ ಕಲಿಯುವುದಿತ್ತು. ಅತ್ತೆಗೆ ಅರ್ಧ ಗಿರಾಕಿಗಳ ಹೆಸರೇ ಗೊತ್ತಿಲ್ಲ. ಪುಸ್ತಕದಲ್ಲಿ "ಮೂರನೇ ಕ್ರಾಸ್ ಟೀಚರ್", "ಹೂವಿನಂಗಡಿ ಅಕ್ಕ", "ಬೋಟ್ ನೆಕ್ ಹುಡುಗಿ" ಎಂದಿರುತ್ತದೆ. ಹಾಗಾಗಿ "ಹೆಸರು" ಎಂಬುದನ್ನು ತೆಗೆದು "ಗುರುತು" ಎಂದು ಹಾಕಿದೆ. ಹುಡುಕುವಾಗ ಲಕ್ಷ್ಮಿ ಎಂದರೆ ಲಕ್ಷ್ಮೀ ಕೂಡ ಸಿಗಬೇಕು. ಕಂಪ್ಯೂಟರುಗಳು ಅಕ್ಷರಗಳಿಗೆ ಬಳಸುವ ಯೂನಿಕೋಡ್ ಸಂಕೇತದಲ್ಲಿ ದೀರ್ಘ ಈಕಾರವನ್ನು ಬಿಡಿಸಿದರೆ ಗುಡಿಸು ಮತ್ತು ದೀರ್ಘದ ಗುರುತು ಎಂದು ಎರಡಾಗುತ್ತದೆ. ಹುಡುಕುವ ಮೊದಲು ಎರಡೂ ಕಡೆ ಬಿಡಿಸಿ, ಆ ದೀರ್ಘದ ಗುರುತನ್ನು ಕಳೆದುಬಿಟ್ಟರೆ ಎರಡೂ ಒಂದೇ ಆಗುತ್ತವೆ. ನಾಲ್ಕು ಸಾಲಿನ ಕೋಡ್.

ಅಳತೆ ತೆಗೆಯುತ್ತಲೇ ಬಾಯಲ್ಲಿ ಹೇಳಿದರೆ ಬರೆದುಕೊಳ್ಳುವಂತಿದ್ದರೆ ಚೆನ್ನ ಎಂದು ಮಾವ ಹೇಳಿದರು. ಕ್ರೋಮ್‌ಗೆ ಕನ್ನಡ ಮಾತು ಗುರುತಿಸಲು ಬರುತ್ತದೆ, ರಸ್ತೆಯಲ್ಲಿ ನಿಂತು ನೋಡಿದಾಗ ಚೆನ್ನಾಗಿಯೇ ಬಂತು. ಆದರೆ ಅದು ಧ್ವನಿಯನ್ನು ಸರ್ವರ್‌ಗೆ ಕಳಿಸಿ ಅಕ್ಷರ ಮಾಡಿಸಿಕೊಳ್ಳುತ್ತದೆ. ಅತ್ತೆಯ ಮಾತು ನೆನಪಾಗಿ ಅದೇ ಸಂಜೆ ತೆಗೆದುಹಾಕಿದೆ.

ನೆಟ್‌ವರ್ಕ್ ಸಿಗದ ಬೇಸ್‌ಮೆಂಟು

ಅಂಗಡಿಯಲ್ಲಿ ಮೆಟ್ಟಿಲ ಬಳಿ ನಿಂತರೆ ಸಿಗ್ನಲ್ ಒಂದು ಕಡ್ಡಿ ಬರುತ್ತದೆ, ಟೇಬಲ್ ಬಳಿ ಅದೂ ಇಲ್ಲ. ನೆಟ್ ಇಲ್ಲದೆ ಪುಟ ತೆರೆಯದಿದ್ದರೆ ಈ ಇಡೀ ಪ್ರಯತ್ನವೇ ವ್ಯರ್ಥ. ಇಲ್ಲಿ ಸರ್ವೀಸ್ ವರ್ಕರ್ ಬೇಕು. ಪುಟಕ್ಕೂ ನೆಟ್‌ವರ್ಕಿಗೂ ನಡುವೆ ಕೂತು, ಪುಟ ಕೇಳಿದ ಫೈಲನ್ನು ತಾನು ಎತ್ತಿಟ್ಟುಕೊಂಡ ಪ್ರತಿಯಿಂದ ಕೊಡುವ ಸಣ್ಣ ಪ್ರೋಗ್ರಾಮ್ ಅದು. 2015ರ ಜನವರಿಯಲ್ಲಿ ಕ್ರೋಮ್‌ಗೆ ಬಂತು. ಸೈಟು ಎಚ್‌ಟಿಟಿಪಿಎಸ್, ಅಂದರೆ ಸುರಕ್ಷಿತ ಸಂಪರ್ಕದ ಮೇಲೆ ಇದ್ದರೆ ಮಾತ್ರ ನಡೆಯುತ್ತದೆ. ನಾನು ಫೈಲುಗಳನ್ನು, ವೆಬ್ ಪುಟಗಳಿಗೆ ಜಾಗ ಕೊಡುವ ಗಿಟ್‌ಹಬ್ ಪೇಜಸ್‌ನಲ್ಲಿ ಇಟ್ಟೆ, ದುಡ್ಡು ಬೇಕಾಗಲಿಲ್ಲ. ಅಲ್ಲಿರುವುದು ಖಾಲಿ ಪುಸ್ತಕ ಮಾತ್ರ. ಬರೆದದ್ದೆಲ್ಲ ಅತ್ತೆಯ ಫೋನಿನೊಳಗೆ, ಬ್ರೌಸರಿನದೇ ಡೇಟಾಬೇಸ್ ಆದ ಇಂಡೆಕ್ಸ್ಡ್‌ಡಿಬಿಯಲ್ಲಿ.

ಮೊದಲ ದಿನ ಆಫ್‌ಲೈನ್ ನಡೆಯಲೇ ಇಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಎಲ್ಲ ಸರಿ, ಫೋನಿನಲ್ಲಿ ಸರ್ವೀಸ್ ವರ್ಕರ್ ಹುಟ್ಟುವ ಮೊದಲೇ ಸಾಯುತ್ತಿತ್ತು. ಎರಡು ಗಂಟೆ ಹುಡುಕಿದ ಮೇಲೆ ಸಿಕ್ಕಿದ್ದು ಇಷ್ಟು: ಐಕಾನ್ ಫೈಲಿನ ಹೆಸರಿನ ಮೊದಲಕ್ಷರವನ್ನು ಒಂದು ಕಡೆ ಇಂಗ್ಲಿಷಿನ ದೊಡ್ಡಕ್ಷರದಲ್ಲಿ, ಇನ್ನೊಂದು ಕಡೆ ಚಿಕ್ಕಕ್ಷರದಲ್ಲಿ ಬರೆದಿದ್ದೆ. ನನ್ನ ಲ್ಯಾಪ್‌ಟಾಪ್ ಆ ವ್ಯತ್ಯಾಸ ನೋಡುವುದಿಲ್ಲ, ಗಿಟ್‌ಹಬ್ ನೋಡುತ್ತದೆ. ಪ್ರತಿಗಳನ್ನು ಎತ್ತಿಡುವ ಜಾಗವಾದ ಕ್ಯಾಶ್‌ಗೆ ಫೈಲುಗಳ ಪಟ್ಟಿ ಒಟ್ಟಿಗೆ ಕೊಟ್ಟರೆ, ಅದರಲ್ಲಿ ಒಂದೇ ಒಂದು ಸಿಗದಿದ್ದರೂ ಇಡೀ ಪಟ್ಟಿ ಬಿದ್ದುಹೋಗುತ್ತದೆ. ಹೆಸರು ಸರಿಮಾಡಿದೆ, ಏರೋಪ್ಲೇನ್ ಮೋಡ್ ಹಾಕಿದೆ, ಪುಟ ತೆರೆಯಿತು.

ಕ್ರೋಮ್ ಮೆನುವಿನಿಂದ ಹೋಮ್ ಸ್ಕ್ರೀನ್‌ಗೆ ಸೇರಿಸಿದ ಮೇಲೆ ಕತ್ತರಿಯ ಚಿತ್ರದ ಐಕಾನ್ ಬಂತು. ಒತ್ತಿದರೆ ಮೇಲೆ ವಿಳಾಸದ ಪಟ್ಟಿ ಇಲ್ಲದೆ ಪೂರ್ತಿ ಪರದೆಯಲ್ಲಿ ತೆರೆಯುತ್ತದೆ. ಅತ್ತೆಯ ಫೋನಿನಲ್ಲಿ ಮೊಮ್ಮಗನ ವಿಡಿಯೋ ತುಂಬಿ, ಸ್ಟೋರಿನಿಂದ ಏನು ಹಾಕಲು ಹೋದರೂ ಜಾಗ ಸಾಲದು ಎನ್ನುತ್ತಿತ್ತು. ಇದಕ್ಕೆ ಅರ್ಧ ಎಂಬಿಯೂ ಬೇಕಾಗಲಿಲ್ಲ. ಕನ್ನಡ ಫಾಂಟ್ ಫೋನಿನಲ್ಲೇ ಇರುವುದರಿಂದ ಅದನ್ನೂ ಕಳಿಸಬೇಕಿಲ್ಲ.

ಫೋನಿನಲ್ಲಿ ಜಾಗ ಕಡಿಮೆಯಾದಾಗ ಬ್ರೌಸರ್ ತಾನು ಇಟ್ಟುಕೊಂಡದ್ದನ್ನು ಹೇಳದೆ ಕೇಳದೆ ಅಳಿಸಬಹುದು. ಇದು ಬ್ರೌಸರಿನ ನಿಜವಾದ ದೌರ್ಬಲ್ಯ, ಮುಚ್ಚಿಡುವಂಥದ್ದಲ್ಲ. ಅಳಿಸಬೇಡ ಎಂದು ಕೋಡಿನಿಂದ ಕೇಳಿಕೊಳ್ಳಲು ಒಂದು ದಾರಿ ಇದೆ. ಸಾಮಾನ್ಯ ಟ್ಯಾಬಿನಲ್ಲಿ ಕೇಳಿದಾಗ ಕ್ರೋಮ್ ಆಗದು ಎಂದಿತು, ಹೋಮ್ ಸ್ಕ್ರೀನ್‌ಗೆ ಸೇರಿಸಿದ ಮೇಲೆ ಕೇಳಿದಾಗ ಒಪ್ಪಿತು. ಆದರೂ ಅದೊಂದನ್ನೇ ನೆಚ್ಚಿಕೊಳ್ಳಲು ನನಗೆ ಧೈರ್ಯ ಸಾಲಲಿಲ್ಲ. ಹಾಗಾಗಿ ಎಲ್ಲ ಅಳತೆಯೂ ಒಂದೇ ಒತ್ತಿಗೆ ಸಿಎಸ್‌ವಿ, ಅಂದರೆ ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಠ್ಯದ ಫೈಲಾಗಿ ಹೊರಬರುವ ಗುಂಡಿ ಮಾಡಿದೆ. ಮೊದಲು ಜೇಸನ್ ಎಂಬ ಇನ್ನೊಂದು ಬಗೆಯ ಫೈಲ್ ಮಾಡಿದ್ದೆ, ಆದರೆ ಕ್ರೋಮ್‌ನ ಹಂಚಿಕೆ ಸೌಲಭ್ಯ ಆ ಬಗೆಯ ಫೈಲನ್ನು ಬಿಡುವುದಿಲ್ಲ, ಸಿಎಸ್‌ವಿ ಬಿಡುತ್ತದೆ. ಕೊನೆಗೆ ಅದೇ ಒಳ್ಳೆಯದಾಯಿತು, ಯಾವ ಕಂಪ್ಯೂಟರಿನ ಎಕ್ಸೆಲ್‌ನಲ್ಲಾದರೂ ತೆರೆಯುತ್ತದೆ. ಫೈಲಿನ ಮೊದಲಿಗೆ ಬಿಓಎಂ ಎಂಬ ಕಾಣದ ಗುರುತು ಹಾಕಲು ಮರೆಯಬೇಡಿ. ಅದಿಲ್ಲದಿದ್ದರೆ ಎಕ್ಸೆಲ್ ಕನ್ನಡವನ್ನು ಕಲಸುಮೇಲೋಗರ ಮಾಡಿ ತೋರಿಸುತ್ತದೆ. ಪ್ರತಿ ಶನಿವಾರ ಅತ್ತೆ ಆ ಫೈಲನ್ನು ಫೋನಿಗೇ ಸಿಕ್ಕಿಸುವ ಓಟಿಜಿ ಪೆನ್‌ಡ್ರೈವಿಗೆ ಹಾಕಿ ಬಾಬಿನ್ ಡಬ್ಬಿಯಲ್ಲಿಟ್ಟು ಮನೆಗೆ ತರುತ್ತಾರೆ.

ಒಂದು ಕೆಟ್ಟ ಮಂಗಳವಾರ

ಮೂರು ವಾರ ಸುಸೂತ್ರವಾಗಿ ನಡೆದ ಮೇಲೆ ಅತ್ತೆ ಹೇಳಿದರು, "ಆರ್ಮ್‌ಹೋಲ್‌ಗೆ ಅರೆಕಾಲು ಬೇಕಾಗುತ್ತೆ ಕಣೇ." ಅರೆಕಾಲು ಎಂದರೆ ಇಂಚಿನ ಎಂಟನೆಯ ಒಂದು ಭಾಗ. ನಾನು ಎಲ್ಲವನ್ನೂ ಕಾಲಿಂಚಿನಲ್ಲಿ ಇಟ್ಟಿದ್ದೆ. ಹಳೆಯ ಅಳತೆಯನ್ನೆಲ್ಲ ಎರಡರಿಂದ ಗುಣಿಸಿ ಎಂಟನೇ ಭಾಗದ ಲೆಕ್ಕಕ್ಕೆ ತರಬೇಕು, 146 ಇದ್ದದ್ದು 292 ಆಗಬೇಕು. ಡೇಟಾಬೇಸಿನ ಆವೃತ್ತಿ ಸಂಖ್ಯೆ ಏರಿಸಿ, ಪರಿವರ್ತನೆಯ ಕೋಡ್ ಬರೆದು, ಸೋಮವಾರ ರಾತ್ರಿ ಹಾಕಿದೆ.

ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಫೋನ್ ಬಂತು. ಐಕಾನ್ ಒತ್ತಿದರೆ ಬಿಳಿ ಪರದೆ, ಎದುರಿಗೆ ಗಿರಾಕಿ. ಅತ್ತೆ ಹಾಳೆಯಲ್ಲಿ ಬರೆದುಕೊಂಡು ಕೆಲಸ ನಡೆಸಿದರು, ಬೈಯಲಿಲ್ಲ. "ಎಲ್ಲಾ ಹೋಯ್ತಾ?" ಎಂದಷ್ಟೇ ಕೇಳಿದರು. ನೆನೆದ ಪುಸ್ತಕದ ನೆನಪು ಆ ದನಿಯಲ್ಲಿತ್ತು. ಆಫೀಸಿಗೆ ಅರ್ಧ ದಿನ ರಜೆ ಹಾಕಿ ಹೊರಟೆ. ಸೌತ್ ಎಂಡ್ ಸರ್ಕಲ್ ಮೆಟ್ರೋದಲ್ಲಿ ಇಳಿದು ನಡೆಯುವಾಗ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ಏನೂ ಹೋಗಿರಲಿಲ್ಲ. ನಾನು ಮೊದಲ ದಿನ ಕಳಿಸಿದ ಕೊಂಡಿ ಕ್ರೋಮ್‌ನ ಒಂದು ಟ್ಯಾಬಿನಲ್ಲಿ ಇನ್ನೂ ತೆರೆದೇ ಇತ್ತು. ಆಂಡ್ರಾಯ್ಡ್‌ನಲ್ಲಿ ಐಕಾನ್‌ನಿಂದ ತೆರೆದದ್ದೂ ಟ್ಯಾಬಿನಲ್ಲಿ ತೆರೆದದ್ದೂ ಒಂದೇ ಡೇಟಾಬೇಸ್ ಬಳಸುತ್ತವೆ. ಹಳೆಯ ಟ್ಯಾಬು ತನ್ನ ಹಿಡಿತ ಬಿಡುವ ತನಕ ಹೊಸ ಆವೃತ್ತಿ ಬಾಗಿಲಲ್ಲೇ ಕಾಯುತ್ತದೆ. ಹೊಸದು ಬಂದಿದೆ ಎಂಬ ಸುದ್ದಿ ಕಿವಿಗೆ ಬಿದ್ದ ಕೂಡಲೇ ಹಳೆಯದು ಡೇಟಾಬೇಸ್ ಮುಚ್ಚಿಕೊಳ್ಳಬೇಕು. ಆ ಒಂದು ಸಾಲನ್ನು ನಾನು ಬರೆದಿರಲಿಲ್ಲ. ಟ್ಯಾಬ್ ಮುಚ್ಚಿದೆ. ಎರಡು ಸೆಕೆಂಡಿನಲ್ಲಿ ಪಟ್ಟಿ ಬಂತು, ಎಲ್ಲ ಅಳತೆಯೂ ಸರಿಯಾಗಿ ದ್ವಿಗುಣಗೊಂಡಿತ್ತು. ಈ ಬಗೆಯ ಪರಿವರ್ತನೆ ಆದರೆ ಪೂರ್ತಿ ಆಗುತ್ತದೆ, ಇಲ್ಲದಿದ್ದರೆ ಸ್ವಲ್ಪವೂ ಆಗುವುದಿಲ್ಲ. ಅರ್ಧಂಬರ್ಧ ನಿಲ್ಲುವ ಹಾಗೆ ಇಂಡೆಕ್ಸ್ಡ್‌ಡಿಬಿ ಬಿಡುವುದಿಲ್ಲ. ಆ ನಿಯಮ ಬರೆದವರಿಗೆ ಅಂದು ಮನಸಾರೆ ಕೈಮುಗಿದೆ.

ಅದೇ ವಾರ ಇನ್ನೊಂದು ಕಂಡಿತು: ಕೆಲವು ಆರ್ಡರುಗಳಲ್ಲಿ ಬ್ಲೌಸ್ ಪೀಸಿನ ಫೋಟೋ ಇರಲಿಲ್ಲ. ಆರ್ಡರ್ ಉಳಿಸಿ, ಫೋಟೋವನ್ನು ಕುಗ್ಗಿಸುವವರೆಗೆ ಕಾದು, ಅದೇ ವ್ಯವಹಾರದಲ್ಲಿ, ಅಂದರೆ ಡೇಟಾಬೇಸಿಗೆ ಒಟ್ಟಾಗಿ ಬರೆಯುವ ಅದೇ ಕಂತಿನಲ್ಲಿ, ಫೋಟೋ ಉಳಿಸಲು ಹೋಗಿದ್ದೆ. ಮಧ್ಯೆ ಬೇರೆ ಕೆಲಸಕ್ಕೆ ಕಾದು ನಿಂತರೆ ಇಂಡೆಕ್ಸ್ಡ್‌ಡಿಬಿ ವ್ಯವಹಾರ ಮುಗಿಯಿತೆಂದು ಮುಚ್ಚಿಬಿಡುತ್ತದೆ. ಮೊದಲು ಫೋಟೋ ಕುಗ್ಗಿಸಿಕೊಂಡು, ಆಮೇಲೆ ವ್ಯವಹಾರ ತೆರೆದು ಎರಡನ್ನೂ ಒಟ್ಟಿಗೆ ಇಟ್ಟೆ. ಹಾಗೆಯೇ ತಿದ್ದುಪಡಿ ಬಂದಾಗ "ಹೊಸದು ಬಂದಿದೆ, ಒತ್ತಿ" ಎಂಬ ಹಳದಿ ಪಟ್ಟಿ ಹಾಕಿದೆ. ಅತ್ತೆ ಆ್ಯಪ್ ಮುಚ್ಚುವವರೇ ಅಲ್ಲ, ಹಾಗಾಗಿ ಹೊಸ ಸರ್ವೀಸ್ ವರ್ಕರ್ ದಿನಗಟ್ಟಲೆ ಸರದಿ ಕಾಯುತ್ತಿತ್ತು.

ಚೀಟಿ ಮುದ್ರಿಸುವುದು

ಅತ್ತೆ ಬರೆದ ಅಳತೆ ಮಾವನ ಟೇಬಲ್ಲಿಗೆ ಹೋಗಬೇಕು. ಮುಂಚೆ ಕೈಯಲ್ಲಿ ಚೀಟಿ ಬರೆದು ಬಟ್ಟೆಗೆ ಗುಂಡುಸೂಜಿ ಚುಚ್ಚುತ್ತಿದ್ದರು. ಎರಡು ಫೋನಿನ ಪುಟಗಳು ಒಂದಕ್ಕೊಂದು ಮಾತಾಡಬೇಕೆಂದರೆ ಸಾಮಾನ್ಯವಾಗಿ ನಡುವೆ ಸರ್ವರ್ ಬೇಕು, ಸರ್ವರ್ ಬೇಡ ಎಂಬುದು ಮೊದಲೇ ತೀರ್ಮಾನ. ಹಾಗಾಗಿ ಸಣ್ಣ ಬ್ಲೂಟೂತ್ ಥರ್ಮಲ್ ಪ್ರಿಂಟರ್ ತಂದು ಚೀಟಿಯನ್ನೇ ಮುದ್ರಿಸೋಣ ಎಂದುಕೊಂಡೆ. ಎಸ್.ಪಿ. ರೋಡಿಗೆ ಹೋಗಿ 58 ಮಿಲಿಮೀಟರ್ ಕಾಗದದ್ದೊಂದು ತಂದೆ. ಕ್ರೋಮ್‌ನ ಪಟ್ಟಿಯಲ್ಲಿ ಅದು ಕಾಣಲೇ ಇಲ್ಲ. ನಾನು ಬಳಸಿದ, ಬ್ರೌಸರಿನ ವೆಬ್ ಬ್ಲೂಟೂತ್ ಎಂಬ ಸೌಲಭ್ಯಕ್ಕೆ ಗೊತ್ತಿರುವುದು ಕಡಿಮೆ ವಿದ್ಯುತ್ತಿನ ಬ್ಲೂಟೂತ್, ಅಂದರೆ ಬಿಎಲ್ಇ ಮಾತ್ರ. ನಾನು ತಂದದ್ದು ಹಳೆಯ ಬಗೆಯದು. ಫೋನಿಗೆಂದೇ ಬರೆದ ನೇಟಿವ್ ಆ್ಯಪಿಗೆ ಎರಡೂ ಬರುತ್ತದೆ, ಇದನ್ನು ಒಪ್ಪಿಕೊಳ್ಳಲೇಬೇಕು. ಮತ್ತೆ ಎಸ್.ಪಿ. ರೋಡು. ಈ ಸಲ ಕೌಂಟರಿನಲ್ಲೇ ಫೋನ್ ತೆಗೆದು, ನನ್ನ ಪುಟದಿಂದ ಹುಡುಕಿ, ಹೆಸರು ಬಂದ ಮೇಲೆಯೇ ದುಡ್ಡು ಕೊಟ್ಟೆ. ತರುವವರಿದ್ದರೆ ಹೀಗೇ ಮಾಡಿ.

ಪ್ರಿಂಟರಿಗೆ ಕನ್ನಡ ಬರುವುದಿಲ್ಲ. ಅಕ್ಷರ ಕಳಿಸಿದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬಂತು. ಆದರೆ ಬ್ರೌಸರಿಗೆ ಬರುತ್ತದಲ್ಲ! ಪುಟದೊಳಗೆ ಕ್ಯಾನ್ವಾಸ್ ಎಂಬ ಚಿತ್ರ ಬಿಡಿಸುವ ಜಾಗದ ಮೇಲೆ ಚೀಟಿ ಬರೆದು, ಅದನ್ನು ಚಿತ್ರವಾಗಿ ಕಳಿಸಿದರಾಯಿತು. ಈ ಪ್ರಿಂಟರಿನ ತಲೆಯಲ್ಲಿ ಅಡ್ಡಕ್ಕೆ 384 ಚುಕ್ಕಿಗಳಿವೆ, ಎಂಟು ಚುಕ್ಕಿಗೊಂದು ಬೈಟ್ ಎಂದರೆ ಸಾಲಿಗೆ 48 ಬೈಟ್. ಮೊದಲಿಗೆ, ಚಿತ್ರ ಬರುತ್ತಿದೆ ಎಂದು ಪ್ರಿಂಟರಿಗೆ ಹೇಳುವ 29, 118, 48, 0 ಎಂಬ ನಾಲ್ಕು ಬೈಟ್, ಆಮೇಲೆ ಅಗಲ ಎತ್ತರಕ್ಕೆ ನಾಲ್ಕು, ಆಮೇಲೆ ಚಿತ್ರ.

ಮೊದಲ ಚೀಟಿ ಹೊರಬಂದಾಗ ಒತ್ತಕ್ಷರದ ಬುಡ ಕತ್ತರಿಸಿಹೋಗಿತ್ತು. ಲಕ್ಷ್ಮಿಯ ಮಕಾರ ಅರ್ಧ ಮಾತ್ರ ಬಂದಿತ್ತು. ಇಂಗ್ಲಿಷಿನ ಅಂದಾಜಿನಲ್ಲಿ ಸಾಲಿನ ಎತ್ತರ ಇಟ್ಟಿದ್ದೆ, ಕನ್ನಡಕ್ಕೆ ಕೆಳಗೆ ಇನ್ನಷ್ಟು ಜಾಗ ಬೇಕು. ಅಕ್ಷರದೆತ್ತರದ ಒಂದೂಮುಕ್ಕಾಲು ಪಟ್ಟು ಇಟ್ಟೆ. ಎರಡನೆಯ ಚೀಟಿಯಲ್ಲಿ ತೆಳು ಗೆರೆಗಳು ಮಾಯವಾಗಿ ತಲೆಕಟ್ಟುಗಳು ತುಂಡುತುಂಡಾಗಿದ್ದವು. ಬೂದು ಬಣ್ಣವನ್ನು ಕಪ್ಪು-ಬಿಳುಪು ಮಾಡುವ ಗಡಿಯನ್ನು 128ರಿಂದ 170ಕ್ಕೆ ಏರಿಸಿ, ಅಕ್ಷರ ದಪ್ಪ ಮಾಡಿದೆ. ಮೂರನೆಯದರಲ್ಲಿ ಮೇಲರ್ಧ ಚೆಂದ, ಕೆಳಗರ್ಧ ಬರೀ ಕಸ. 300 ಸಾಲಿನ ಚೀಟಿ ಎಂದರೆ 14,400 ಬೈಟ್, ಅಷ್ಟನ್ನು ಒಂದೇ ಉಸಿರಿಗೆ ಸುರಿದರೆ ಪ್ರಿಂಟರಿಗೆ ನುಂಗಲಾಗದು. ನೂರು ನೂರು ಬೈಟಿನ ತುತ್ತು ಮಾಡಿ, ಒಂದು ತಲುಪಿತೆಂಬ ಉತ್ತರ ಬಂದ ಮೇಲೆ ಇನ್ನೊಂದು ಕಳಿಸಿದೆ. ಏಳನೆಯ ಚೀಟಿ ಸರಿಯಾಗಿ ಬಂತು: ಮೇಲೆ ನಂಬರು, ಗುರುತು, ಕೊಡುವ ದಿನ, ಕೆಳಗೆ ಒಂಬತ್ತು ಅಳತೆ ಗೀಟುಗಳ ಸಮೇತ. ಮಾವ ಕನ್ನಡಕ ಏರಿಸಿ ಬೆಳಕಿಗೆ ಹಿಡಿದು ಓದಿದರು. "ನಿಮ್ಮತ್ತೆ ಬರವಣಿಗೆಗಿಂತ ಇದು ವಾಸಿ" ಎಂದರು. ಅತ್ತೆ ಕೇಳಿಸಿಕೊಂಡರು, ಅದರ ಕಥೆ ಇಲ್ಲಿ ಬೇಡ.

ಆ್ಯಪ್ ಮುಚ್ಚಿ ತೆರೆದಾಗಲೆಲ್ಲ ಪ್ರಿಂಟರನ್ನು ಮತ್ತೆ ಆರಿಸಬೇಕು, ಅದೊಂದು ಉಳಿದ ಕೊರತೆ. ಬೆಳಿಗ್ಗೆ ಬಾಗಿಲು ತೆಗೆದು ದೀಪ ಹಚ್ಚಿದ ಮೇಲೆ ಅತ್ತೆ ಅದನ್ನೂ ಒಂದು ಸಲ ಮಾಡುತ್ತಾರೆ.

ಬಟ್ಟೆ ರೆಡಿ ಎಂದು ತಿಳಿಸಲು ವಾಟ್ಸ್ಆ್ಯಪ್ ಕೊಂಡಿಯೊಳಗೆ ಕನ್ನಡ ಸಂದೇಶ ತುಂಬಿ ಕೊಡುವ ಗುಂಡಿಯೂ ಇದೆ. ಹತ್ತು ನಿಮಿಷದ ಕೆಲಸ.

ಮಾವನ ಐಫೋನ್

ಮಾವನಿಗೆ ಮಗಳು ಕೊಟ್ಟ ಹಳೆಯ ಐಫೋನ್ ಇದೆ. ಇವತ್ತು ಏನೇನು ಕೊಡಬೇಕು ಎಂಬ ಪಟ್ಟಿ ಅದರಲ್ಲೂ ನೋಡಬೇಕೆಂದು ಅವರ ಆಸೆ. ಅತ್ತೆ ಸಿಎಸ್‌ವಿ ಕಳಿಸಿದರೆ ಅದನ್ನು ತುಂಬಿಕೊಂಡು ತೋರಿಸುವಂತೆ ಮಾಡಿದೆ. ಮುದ್ರಣ ಮಾತ್ರ ಆಗಲಿಲ್ಲ. ಐಫೋನಿನ ಬ್ರೌಸರ್ ಆದ ಸಫಾರಿಯಲ್ಲಿ ವೆಬ್ ಬ್ಲೂಟೂತ್ ಇಲ್ಲ. ಇಲ್ಲಿನ ಐಫೋನಿನಲ್ಲಿ ಕ್ರೋಮ್ ಹಾಕಿಕೊಂಡರೂ ಒಳಗೆ ಪುಟವನ್ನು ನಡೆಸುವುದು ಸಫಾರಿಯ ವೆಬ್‌ಕಿಟ್ ಎಂಜಿನ್ನೇ, ಹಾಗಾಗಿ ಅದರಲ್ಲೂ ಇಲ್ಲ. ಯುರೋಪಿನ ಒಕ್ಕೂಟದಲ್ಲಿ ಕಾನೂನಿನ ಒತ್ತಾಯಕ್ಕೆ 2024ರ ಮಾರ್ಚಿನಿಂದ ಬೇರೆ ಎಂಜಿನ್‌ಗೆ ಅವಕಾಶ ಕೊಟ್ಟಿದ್ದಾರೆ. ಅಲ್ಲೂ ಹೋಮ್ ಸ್ಕ್ರೀನ್ ವೆಬ್ ಆ್ಯಪ್‌ಗಳನ್ನೇ ತೆಗೆಯುತ್ತೇವೆಂದು ಆ್ಯಪಲ್ ಮೊದಲು ಹೇಳಿ, ಜನ ಎದ್ದುನಿಂತ ಮೇಲೆ ಮಾರ್ಚ್ 1ರಂದು ಹಿಂದೆ ಸರಿಯಿತು.

ನನಗೆ ನೋವಾಗುವುದು ಇಲ್ಲೇ. 2007ರ ಜೂನಿನಲ್ಲಿ, ಮೊದಲ ಐಫೋನ್ ಅಂಗಡಿಗೆ ಬರುವ ಮುಂಚೆ, ಸ್ಟೀವ್ ಜಾಬ್ಸ್ ಡೆವಲಪರ್‌ಗಳಿಗೆ ಹೇಳಿದ್ದು ಸಫಾರಿಯಲ್ಲಿ ನಡೆಯುವ ವೆಬ್ ಆ್ಯಪ್ ಬರೆಯಿರಿ ಎಂದೇ. ಮರುವರ್ಷ ಜುಲೈ 10ಕ್ಕೆ 500 ಆ್ಯಪ್‌ಗಳೊಂದಿಗೆ ಆ್ಯಪ್ ಸ್ಟೋರ್ ತೆರೆಯಿತು, ದಾರಿ ಬದಲಾಯಿತು. ಸರ್ವೀಸ್ ವರ್ಕರ್ ಐಫೋನಿಗೆ ಬಂದದ್ದು 2018ರಲ್ಲಿ, ವೆಬ್ ಆ್ಯಪಿನಿಂದ ನೋಟಿಫಿಕೇಶನ್ ಬಂದದ್ದು 2023ರಲ್ಲಿ. ಎಂಜಿನ್ ಒಂದೇ ಇರಬೇಕೆಂದು ಫೋನ್ ಮಾಡಿದವರು ಹಟ ಹಿಡಿದರೆ, ಆ ಎಂಜಿನ್ನಿಗೆ ಬಾರದ್ದು ಮಾವನಂಥವರಿಗೆ ಎಂದಿಗೂ ಸಿಗುವುದಿಲ್ಲ.

ಐಫೋನಿನಲ್ಲಿ ಇನ್ನೊಂದು ಎಚ್ಚರ ಬೇಕು. ಸಫಾರಿ ಬಳಸುತ್ತಿದ್ದೂ ಒಂದು ಸೈಟನ್ನು 7 ದಿನ ಮುಟ್ಟದಿದ್ದರೆ, ಆ ಸೈಟ್ ಇಟ್ಟುಕೊಂಡ ಮಾಹಿತಿಯನ್ನು ಅದು ಅಳಿಸುತ್ತದೆ. ಹೋಮ್ ಸ್ಕ್ರೀನ್‌ಗೆ ಸೇರಿಸಿದ್ದಕ್ಕೆ ಸಫಾರಿಯ ಈ ಗಡುವು ತಾಗುವುದಿಲ್ಲ. ಆದ್ದರಿಂದ ಐಫೋನಿನಲ್ಲಿ ತೆರೆದಾಗ, ಸೇರಿಸಿಕೊಳ್ಳುವ ತನಕ ಪಟ್ಟಿಯನ್ನೇ ತೋರಿಸದಂತೆ ಮಾಡಿದೆ. ಹೇಗೆ ಸೇರಿಸುವುದೆಂದು ಕನ್ನಡದಲ್ಲೇ ಎರಡು ಸಾಲು, ಒಂದು ಬಾಣದ ಗುರುತು.

ವರಮಹಾಲಕ್ಷ್ಮಿಯ ವಾರ

ಹಬ್ಬದ ಹಿಂದಿನ ಹತ್ತು ದಿನ ಅಂಗಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಗಾಂಧಿ ಬಜಾರಿನಲ್ಲಿ ಹೂವು, ಬಾಳೆಕಂದು ಕೊಂಡವರೆಲ್ಲ ಹಾಗೇ ಇಲ್ಲಿಗೂ ಇಳಿದು ಬರುತ್ತಾರೆ. ಗುರುವಾರ ಸಂಜೆ ಆಫೀಸು ಮುಗಿಸಿ ಹೋದೆ. ಒಬ್ಬರು ತಮ್ಮ ಹಳೆಯ ಅಳತೆಯಲ್ಲೇ ಹೊಲಿದುಕೊಡಿ ಎಂದರು. ಅತ್ತೆ "ಟೀಚರ್" ಎಂದು ಮೂರಕ್ಷರ ಒತ್ತಿದರು, ಅಳತೆ ಬಂತು. ಬರೀ ತೋಳಿನ ಸುತ್ತಿಗೆ ಟೇಪು ಹಿಡಿದು ಒಂದು ಗೀಟು ಹೆಚ್ಚಿಸಿದರು. ಚೀಟಿ ಹೊರಬಂತು, ಮಾವ ಕೈ ಚಾಚಿದರು. ಆ ಸಂಜೆ ಫೋನಿನಲ್ಲಿ ಸಿಗ್ನಲ್ ಇರಲೇ ಇಲ್ಲ, ಯಾರಿಗೂ ಗೊತ್ತಾಗಲೂ ಇಲ್ಲ.

ಪಕ್ಕದ ಓಣಿಯ ಜೆಂಟ್ಸ್ ಟೈಲರ್ ಒಬ್ಬರು ಮೆಟ್ಟಿಲ ಮೇಲೆ ನಿಂತು ಇದನ್ನೆಲ್ಲ ನೋಡುತ್ತಿದ್ದರು. "ಏನಮ್ಮಾ, ನಮಗೂ ಹಾಕ್ಕೊಡ್ತೀರಾ? ಎಷ್ಟಾಗುತ್ತೆ?" ಎಂದು ಕೇಳಿದರು. ಕೊಂಡಿ ಕಳಿಸಿದೆ, ಮೆಟ್ಟಿಲ ಮೇಲೇ ನಿಂತು ತೆರೆದುಕೊಂಡರು. ಅವರದೇ ಖಾಲಿ ಪುಸ್ತಕ, ಅವರದೇ ಫೋನಿನಲ್ಲಿ. ಅದರಲ್ಲಿ ಅವರು ಏನು ಬರೆದರೂ ನನಗೆ ಕಾಣುವುದಿಲ್ಲ ಎಂದು ಹೇಳಿದೆ. ಅವರು ತಲೆಯಾಡಿಸಿ ಗುಂಡಿಗಳನ್ನು ಒಂದೊಂದೇ ಒತ್ತಿ ನೋಡಿ, "ಗೀಟು ಸರಿ ಇದೆ. ಆದ್ರೆ ನಮ್ಗೆ ಪ್ಯಾಂಟಿಂದು ಬೇಕಲ್ಲ" ಎಂದರು.

ಉದ್ದ, ಸೊಂಟ, ಸೀಟು, ತೊಡೆ, ಮಂಡಿ, ಬಾಟಮ್. ಅವರು ಹೇಳಿದ ಸಾಲನ್ನು ಚೀಟಿಯ ಹಿಂದೆ ಬರೆದುಕೊಂಡಿದ್ದೇನೆ. ಈ ಭಾನುವಾರ ಅದನ್ನು ಸೇರಿಸಬೇಕು.